ಅಳತೆ ಅಕ್ಕನಿಗೊಂದು ಆಸನ ಸಂಖ್ಯೆ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಮೂರನೇ ಮಹಡಿ, ಪಿಂಚಣಿ ವಿಭಾಗ. ಸಾಲಾಗಿ ಮೇಜುಗಳು, ಮೇಜುಗಳ ಮೇಲೆ ಕಡತಗಳು, ಮತ್ತು ನೆಲದ ಮೇಲೆ ಅಂಗಾತ ಮಲಗಿರುವ ಹೆಂಗಸೊಬ್ಬರು. ತಲೆ ಒಂದು ಕುರ್ಚಿಯ ಅಡಿಗೆ ಸೇರಿಹೋಗಿದೆ, ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡಿದ್ದಾರೆ. ಗೊತ್ತಿಲ್ಲದವರು ನೋಡಿದರೆ ಎದೆ ಧಸಕ್ಕೆನ್ನಬೇಕು. ಹೊಸದಾಗಿ ಸೇರಿದ ಕಸ ಗುಡಿಸುವಾಕೆ ಮೊದಲ ದಿನ ಪೊರಕೆ ಅಲ್ಲೇ ಬಿಸಾಕಿ ಓಡಿದ್ದಳಂತೆ. ಈಗ ಅವಳಿಗೂ ಅಭ್ಯಾಸವಾಗಿದೆ. "ಅಕ್ಕಾ, ಕಾಲು" ಅಂದರೆ ಸಾಕು, ನೆಲದ ಮೇಲಿನ ಎರಡೂ ಕಾಲು ಮೇಲೇಳುತ್ತವೆ, ಪೊರಕೆ ಅಡಿಯಲ್ಲಿ ಹಾದುಹೋಗುತ್ತದೆ, ಕಾಲು ಮತ್ತೆ ಕೆಳಗಿಳಿಯುತ್ತವೆ.

ಇವರು ವಿಶ್ವವಿದ್ಯಾಲಯದ ಬಡಗಿ. ವಯಸ್ಸು ನಲವತ್ತಮೂರು. ದರ್ಜಿಯ ಹಾಗೆ ಕೊರಳಿಗೆ ಸದಾ ಟೇಪು ನೇತುಹಾಕಿಕೊಂಡು ಓಡಾಡುವುದರಿಂದ ಇಡೀ ಆವರಣಕ್ಕೆ ಇವರು 'ಅಳತೆ ಅಕ್ಕ'. ಇವರಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಾರೆ, ಅದಕ್ಕೆ ಇವರದೇನೂ ತಕರಾರಿಲ್ಲ. ಬೆಳಗ್ಗೆ ಯಾರೂ ಬರುವ ಮುಂಚೆ ಬಂದು ಖಾಲಿ ಕುರ್ಚಿಗಳನ್ನು ನೋಡುವುದು ಇವರ ದಿನದ ಮೊದಲ ಕೆಲಸ. ಕುರ್ಚಿಯ ಯಾವ ಕೈ ಹೆಚ್ಚು ಸವೆದಿದೆ, ಮೆತ್ತೆ ಯಾವ ಕಡೆ ತಗ್ಗಿದೆ, ಮೇಜಿನ ಅಡ್ಡಪಟ್ಟಿಯ ಮೇಲೆ ಚಪ್ಪಲಿಯ ಗುರುತು ಎಲ್ಲಿದೆ, ಎಲ್ಲವನ್ನೂ ಟಾರ್ಚು ಹಾಕಿ ನೋಡುತ್ತಾರೆ.

"ಮನುಷ್ಯರನ್ನ ಕೇಳಿದ್ರೆ ನಾನು ಆರಾಮಾಗಿದೀನಿ ಅಂತಾರೆ," ಅನ್ನುತ್ತಾರೆ ಅಕ್ಕ, ಎದ್ದು ಕೂತು ಬೆನ್ನಿನ ಧೂಳು ಕೊಡವಿಕೊಳ್ಳುತ್ತ. "ಕುರ್ಚೀನ ಕೇಳಿದ್ರೆ ನಿಜ ಹೇಳುತ್ತೆ. ಇಲ್ಲಿ ಕೂರೋರು ಮೂರು ತಿಂಗಳಿಂದ ಎಡಕ್ಕೇ ವಾಲ್ತಿದಾರೆ. ಇವತ್ತು ಹನ್ನೊಂದು ಗಂಟೆಗೆ ಬಂದು ಹಿಡೀತೀನಿ."

ಕುರ್ಚಿಯ ಅಡಿಯಲ್ಲಿ ಅವರು ನೋಡುತ್ತಿದ್ದದ್ದು ಒಂದು ಪೆನ್ಸಿಲ್ ಬರಹ. ಅವರದೇ ಕೈಬರಹ. 'ಮೊಣಕಾಲಿಂದ ನೆಲಕ್ಕೆ ಹದಿನೈದೂವರೆ. ಎಡಗೈಯವರು. ನೋವು: ಸೊಂಟ, ಬಲಕ್ಕೆ.' ಹೆಸರು ಬರೆದಿಲ್ಲ. ಏಳು ಕಟ್ಟಡಗಳ ಆರುನೂರ ನಲವತ್ತು ಕುರ್ಚಿಗಳ ಅಡಿಯಲ್ಲೂ ಇಂಥದ್ದೊಂದು ಸಾಲು ಇದೆ. ಮೇಲೆ ಕೂತವರಲ್ಲಿ ಎಷ್ಟೋ ಜನರಿಗೆ ತಮ್ಮ ಕೆಳಗೆ ತಮ್ಮದೇ ಜಾತಕ ಬರೆದಿಟ್ಟಿರುವುದು ಗೊತ್ತೇ ಇಲ್ಲ.

ಹೀಗೆ ಬರೆದಿಡುವ ಅಭ್ಯಾಸ ಶುರುವಾದದ್ದು ಒಂದು ಎಡವಟ್ಟಿನಿಂದ. ಆ ಕಥೆ ಹೇಳಿ ಅಂದರೆ ಅಕ್ಕನಿಗೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ನಗು. ಹದಿನಾಲ್ಕು ವರ್ಷದ ಹಿಂದೆ, ಕೆಲಸ ಕಾಯಂ ಆದ ಹೊಸತು. ಪಿಂಚಣಿ ವಿಭಾಗದಲ್ಲಿ ಒಬ್ಬ ಮೇಡಂ, ಆಗ ಗುಮಾಸ್ತೆ, ಈಗ ಅದೇ ವಿಭಾಗದ ಸೂಪರಿಂಟೆಂಡೆಂಟ್. ಕುಳ್ಳಗಿನ ಜೀವ. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ, ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಯುವುದಿಲ್ಲ. ಮೇಡಂ ಒಂದು ವಾರ ರಜೆ ಹೋದಾಗ ಅಕ್ಕನಿಗೆ ಹುಮ್ಮಸ್ಸು ಬಂತು. ಅವರ ಮೇಜಿನ ಮುಂದಿದ್ದ ಕುರ್ಚಿ ಹೊತ್ತುಕೊಂಡು ಹೋಗಿ ನಾಲ್ಕೂ ಕಾಲನ್ನು ಎರಡೆರಡು ಇಂಚು ಕೊಯ್ದು ತಂದಿಟ್ಟರು. ಮೇಡಂ ವಾಪಸು ಬಂದು ಖುಷಿಪಡುತ್ತಾರೆ ಅಂತ ಲೆಕ್ಕ.

ಆದರೆ ಕಚೇರಿಗಳಲ್ಲಿ ಒಂದು ರೂಢಿ ಇರುತ್ತದೆ. ಯಾರಾದರೂ ರಜೆ ಹಾಕಿದರೆ ಸಾಕು, ಅವರ ಕುರ್ಚಿ ಚೆನ್ನಾಗಿದ್ದರೆ ಪಕ್ಕದವರು ಎಳೆದುಕೊಂಡು ತಮ್ಮದನ್ನು ಅಲ್ಲಿಗೆ ತಳ್ಳುತ್ತಾರೆ. ಮೇಡಂ ಕುರ್ಚಿಯ ಮೆತ್ತೆ ಮೆತ್ತಗಿತ್ತು. ಪಕ್ಕದ ಮೇಜಿನ ಆರಡಿ ಗುಮಾಸ್ತರು, ವಿಭಾಗದವರೆಲ್ಲ 'ಕಂಬ' ಅಂತ ಕರೆಯುವವರು, ಅದನ್ನು ತೆಗೆದುಕೊಂಡು ತಮ್ಮ ಕುರ್ಚಿ ಅಲ್ಲಿಟ್ಟಿದ್ದರು. ಅಕ್ಕ ಕೊಯ್ದದ್ದು ಕಂಬದವರ ಕುರ್ಚಿಯನ್ನು! ಸೋಮವಾರ ಮೇಡಂ ಬಂದು ತಮ್ಮ ಕುರ್ಚಿ ವಾಪಸು ಎಳೆದುಕೊಂಡರು. ಕಂಬದವರು ತಮ್ಮದರಲ್ಲಿ ಕೂತರೆ ಮೊಣಕಾಲು ಎದೆಗೆ ಬಂತು, ಗದ್ದ ಮೇಜಿನ ಮಟ್ಟಕ್ಕೆ ಬಂತು. ರಾತ್ರಿ ಬೆಳಗಾಗುವುದರಲ್ಲಿ ನಾನು ಇನ್ನೂ ಬೆಳೆದುಬಿಟ್ಟೆನಾ ಅಂತ ಅವರು ಗಾಬರಿಯಿಂದ ಕೇಳಿದ್ದಕ್ಕೆ ವಿಭಾಗದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ.

ಕೊಯ್ದ ಕಾಲು ಮತ್ತೆ ಚಿಗುರುತ್ತದೆಯೇ? ಅಕ್ಕ ನಾಲ್ಕು ಮರದ ತುಂಡು ಮಾಡಿ ಕಾಲುಗಳ ಕೆಳಗೆ ತೊಡಿಸಿದರು. ಆ 'ಬೂಟು ಕುರ್ಚಿ' ಇವತ್ತಿಗೂ ಇದೆ, ಕಂಬದವರು ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಮೇಡಂಗೆ ಅಕ್ಕ ಪಾದ ಊರಲು ಒಂದು ಕಾಲುಮಣೆ ಮಾಡಿಕೊಟ್ಟರು. ಅಂದಿನಿಂದ ಮೂರು ನಿಯಮ. ಕುರ್ಚಿಯ ಕಾಲಿಗೆ ಗರಗಸ ಇಡುವುದಿಲ್ಲ. ಬೆಳಗ್ಗೆ ಕುರ್ಚಿ ನೋಡಿದ ಮೇಲೆ ಕೂರುವವರನ್ನೂ ಟೇಪು ಹಿಡಿದೇ ಅಳೆಯುವುದು. ಅಳತೆಯನ್ನು ಕುರ್ಚಿಯ ಅಡಿಗೆ ಬರೆಯುವುದು, ಅದಲುಬದಲಾದರೆ ತಟ್ಟನೆ ಗೊತ್ತಾಗಲಿ ಅಂತ.

ಇಲ್ಲಿಯವರೆಗೆ ಇನ್ನೂರ ಹನ್ನೆರಡು ಕಾಲುಮಣೆಗಳು ಇವರ ಕೈಯಿಂದ ಹೊರಬಂದಿವೆ. ಎಲ್ಲವೂ ಮುರಿದ ಬಾಗಿಲು, ಪರೀಕ್ಷಾ ಕೊಠಡಿಯ ಹಳೇ ಬೆಂಚು, ಗೆದ್ದಲು ಬಿಟ್ಟುಕೊಟ್ಟ ಕಪಾಟುಗಳಿಂದ. ದಿನಕ್ಕೆ ಸರಾಸರಿ ಆರು ಕುರ್ಚಿ ನೋಡುತ್ತಾರೆ. ಚಕ್ರದ ಕುರ್ಚಿಗಳನ್ನೂ ಬಿಡುವುದಿಲ್ಲ. ಒಬ್ಬ ದೊಡ್ಡ ಅಧಿಕಾರಿ ಹನ್ನೊಂದು ವರ್ಷ ಕತ್ತು ನೋವು ಅಂತ ಒದ್ದಾಡಿದವರು, ಅವರ ಕುರ್ಚಿಯ ಕೆಳಗೆ ಒಂದು ಹಿಡಿ ಇದೆ, ಅದನ್ನು ಒತ್ತಿದರೆ ಸೀಟು ಮೇಲೆ ಕೆಳಗೆ ಆಗುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅಕ್ಕ ಒತ್ತಿ ತೋರಿಸಿದರು. ಸಾಹೇಬರು ಮಗುವಿನ ಹಾಗೆ ನಾಲ್ಕು ಸಲ ಮೇಲೆ ಕೆಳಗೆ ಹೋಗಿ ನೋಡಿದರಂತೆ, ಬಾಗಿಲು ಮುಂದೆ ಮಾಡಿಕೊಂಡು.

ಹನ್ನೊಂದು ಗಂಟೆಗೆ ಪಿಂಚಣಿ ವಿಭಾಗದಲ್ಲಿ ಇನ್ನೊಂದು ನೋಟ ಕಾಣುತ್ತದೆ. ಮೇಡಂ ತಮ್ಮ ತಾರೀಖಿನ ಮೊಹರನ್ನು ಮೇಜಿಗೆ ಮೂರು ಸಲ ಟಕ್ ಟಕ್ ಟಕ್ ಅಂತ ಕುಟ್ಟುತ್ತಾರೆ. ಕಡತ ಹಿಡಿದವರು ಕಡತ ಬಿಟ್ಟು, ಫೋನಿನಲ್ಲಿದ್ದವರು ಫೋನ್ ಸಮೇತ ಎದ್ದು ನಿಲ್ಲುತ್ತಾರೆ. ಕೈ ಮೇಲೆತ್ತುತ್ತಾರೆ, ಭುಜ ತಿರುಗಿಸುತ್ತಾರೆ, ಕಿಟಕಿವರೆಗೆ ನಡೆದು ಬರುತ್ತಾರೆ. ಐದು ನಿಮಿಷ, ಅಷ್ಟೇ. ಇದು ಅಕ್ಕ ಹಾಕಿಕೊಟ್ಟ ಪದ್ಧತಿ, ಈಗ ಒಂಬತ್ತು ವಿಭಾಗಗಳಿಗೆ ಹಬ್ಬಿದೆ. ಕುರ್ಚಿ ಸರಿಮಾಡುವವರೇ ಕುರ್ಚಿ ಬಿಟ್ಟು ಏಳಿ ಅನ್ನುವುದು ಯಾವ ನ್ಯಾಯ ಅಂತ ಜನ ಕಾಲೆಳೆಯುತ್ತಾರೆ. ಕುರ್ಚಿ ಚೆನ್ನಾಗಿದೆ ಅಂತ ಅದರಲ್ಲೇ ಬೇರು ಬಿಡಬೇಡಿ ಅನ್ನುವುದು ಅಕ್ಕನ ಜವಾಬು.

ಬೆನ್ನಿನ ಬಗ್ಗೆ ಇವರಿಗೆ ಇಷ್ಟು ಕಾಳಜಿ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಮನೆಗೆ ಹೋಗಬೇಕು. ಎರಡು ಕೋಣೆಯ ಮನೆ. ಯಜಮಾನರಿಗೆ ಮುದ್ರಣಾಲಯದಲ್ಲಿ ಸಂಜೆ ಪಾಳಿ, ಹಾಗಾಗಿ ಬೆಳಗಿನ ಅಡುಗೆಮನೆ ಅವರದು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅಕ್ಕನ ಅಪ್ಪ. ವಯಸ್ಸು ಎಪ್ಪತ್ತೊಂದು, ನಾಲಿಗೆ ಇನ್ನೂ ಚುರುಕು, ಬೆನ್ನು ಮಾತ್ರ ಬಾಗಿಹೋಗಿದೆ. ಇದೇ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಬಡಗಿ, ಕೊನೆಗೆ ಮುಖ್ಯ ಬಡಗಿ. ಇಪ್ಪತ್ತು ವರ್ಷದ ಹಿಂದೆ ಅಪ್ಪನಿಗೆ ಹಲಗೆ ಎತ್ತುವುದು ಆಗದೆ ಹೋದಾಗ ಮಗಳು ದಿನಗೂಲಿಯ ಸಹಾಯಕಿಯಾಗಿ ಅಲ್ಲಿನ ಮರಗೆಲಸದ ಶೆಡ್ಡಿಗೆ ಕಾಲಿಟ್ಟರು. ಆರು ವರ್ಷ ದಿನಗೂಲಿ. ಕೆಲಸಕ್ಕೆ ಕರೆದವರು ಬಾಗಿಲಲ್ಲಿ ಇವರನ್ನು ನೋಡಿ, ಬಡಗಿ ಎಲ್ಲಿ, ಹಿಂದೆ ಬರ್ತಿದಾರಾ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಕ್ಕ ಪೆಟ್ಟಿಗೆ ಕೆಳಗಿಟ್ಟು ಸುತ್ತಿಗೆ ತೆಗೆಯುತ್ತಿದ್ದರು, ಅದೇ ಉತ್ತರ.

ಶೆಡ್ಡಿನಲ್ಲಿ ಮುಖ್ಯ ಬಡಗಿಯ ಕೆಲಸದ ಮೇಜನ್ನು ಬೇರೆಯವರು ಮುಟ್ಟುವಂತಿಲ್ಲ, ಅದೊಂದು ಮರ್ಯಾದೆ. ಅಪ್ಪ ನಿವೃತ್ತರಾದ ವಾರ, ಹುದ್ದೆ ಬರದಿದ್ದರೂ, ಆ ಮೇಜು ಮಗಳ ಪಾಲಿಗೆ ಬಂತು. ಅಪ್ಪನ ಹಾಗೇ ಎತ್ತರದ ಆಳು ಇವರು. ಮೊದಲ ದಿನ ಒಂದು ಗಂಟೆ ಕೆಲಸ ಮಾಡುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಟೇಪು ತೆಗೆದು ಅಳೆದರು. ಮೇಜು ನಾಲ್ಕು ಇಂಚು ತಗ್ಗು. ಅಪ್ಪನಿಗಿಂತ ಮುಂಚೆ ಇದ್ದ ಮುಖ್ಯ ಬಡಗಿ ಕುಳ್ಳಗಿದ್ದರಂತೆ, ಅವರು ತಮ್ಮ ಅಳತೆಗೆ ಮಾಡಿಕೊಂಡ ಮೇಜು ಅದು. ಅಪ್ಪ ವರ್ಷಗಟ್ಟಲೆ ಇನ್ನೊಬ್ಬರ ಮೇಜಿನ ಮುಂದೆ ಬಗ್ಗಿಯೇ ನಿಂತಿದ್ದರು. ಅಕ್ಕ ನಾಲ್ಕು ಮರದ ತುಂಡು ಕೊಟ್ಟು ಮೇಜು ಎತ್ತರಿಸಿದರು, ಮಾರನೇ ದಿನ ಅಪ್ಪನನ್ನು ಕರೆತಂದು ತೋರಿಸಿದರು.

"ನಾಲ್ಕು ತುಂಡು ಮರ," ಅನ್ನುತ್ತಾರೆ ಅಪ್ಪ ಈಗಲೂ, ಕೈಬೆರಳು ನಾಲ್ಕು ಎತ್ತಿ. "ಊರವರ ಕುರ್ಚಿಯೆಲ್ಲ ಸರಿಮಾಡಿದೆ. ನನ್ನದೇ ಮೇಜು, ನನಗೆ ಹೊಳೀಲಿಲ್ಲ ನೋಡು."

ಅಕ್ಕನಿಗೆ ಆ ದಿನ ಅಳು ತಡೆಯಲಿಲ್ಲವಂತೆ. ಆರುನೂರು ಜನರ ಬೆನ್ನು ಕಂಡ ತನಗೆ ಅಪ್ಪನ ಬೆನ್ನು ಕಾಣಲಿಲ್ಲವಲ್ಲ ಅನ್ನುವ ಸಂಕಟ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಒಂದು ಆಸೆ ಗಟ್ಟಿಯಾಗಿ ಕೂತಿದೆ. ಅಪ್ಪ ಬಿಟ್ಟ ಮುಖ್ಯ ಬಡಗಿಯ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ ಬಿದ್ದಿದೆ. ಶೆಡ್ಡಿನಲ್ಲಿ ಮುಖ್ಯ ಬಡಗಿಗಳ ಹೆಸರು ಬರೆದ ಫಲಕದಲ್ಲಿ ಅಪ್ಪನ ಹೆಸರಿನ ಕೆಳಗಿನ ಸಾಲು ಬರಿದಾಗಿದೆ. ಅಪ್ಪ ಇರುವಾಗಲೇ ಅಲ್ಲಿ ತನ್ನ ಹೆಸರು ಬರೆಸಬೇಕು.

ಕೆಲಸ ಚೆನ್ನಾಗಿ ಬರುತ್ತದೆ, ಸೇವೆ ಸಾಕಷ್ಟಾಗಿದೆ, ಅಧಿಕಾರಿಗಳಿಗೂ ಮನಸ್ಸಿದೆ. ಅಡ್ಡ ನಿಂತದ್ದು ಒಂದೇ. ಬಡ್ತಿಗೆ ಇಪ್ಪತ್ತನಾಲ್ಕು ಗಂಟೆ ತರಬೇತಿ ಪಡೆದದ್ದು ಸೇವಾ ಪುಸ್ತಕದಲ್ಲಿ ದಾಖಲಾಗಿರಬೇಕು. ನೌಕರರ ತರಬೇತಿ ಕೇಂದ್ರದಲ್ಲಿ ವರ್ಷವಿಡೀ ತರಗತಿಗಳು ನಡೆಯುತ್ತವೆ: ಕಂಪ್ಯೂಟರು, ಪತ್ರ ಬರೆಯುವುದು, ಪ್ರಥಮ ಚಿಕಿತ್ಸೆ, ಮನಸ್ಸಿನ ಒತ್ತಡ ಇಳಿಸಿಕೊಳ್ಳುವುದು. ಸೇರಬೇಕಾದರೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಬೇಕು. ಹೆಸರು, ಹುದ್ದೆ, ಕಟ್ಟಡ, ಆಮೇಲೆ ಆಸನ ಸಂಖ್ಯೆ. ಕಚೇರಿಯಲ್ಲಿ ಕೂರುವ ಪ್ರತಿಯೊಬ್ಬರ ಕುರ್ಚಿ ಮೇಜಿಗೂ ಒಂದು ಸಂಖ್ಯೆ ಇದೆ. ಶೆಡ್ಡಿನವರಿಗೆ ಕುರ್ಚಿ ಎಲ್ಲಿಂದ ಬರಬೇಕು? ಅವರು ನಿಂತು ಕೆಲಸ ಮಾಡುವವರು. ಆ ಜಾಗ ಖಾಲಿ ಬಿಟ್ಟರೆ ಪರದೆಯ ಮೇಲೆ ಕೆಂಪು ಅಕ್ಷರ: 'ಆಸನ ಸಂಖ್ಯೆ ನಮೂದಿಸಿ.' ಸೊನ್ನೆ ಹಾಕಿದರೂ ಅದೇ, ಅಡ್ಡಗೆರೆ ಎಳೆದರೂ ಅದೇ. ಕಾಗದದಲ್ಲಿ ಅರ್ಜಿ ಬರೆದರೆ ನಿಯಮದಲ್ಲಿ ಅವಕಾಶವಿಲ್ಲ ಅಂತ ಉತ್ತರ. ಆರು ವರ್ಷ, ಆರು ಅರ್ಜಿ, ಆರು ಉತ್ತರ. ಎಲ್ಲವನ್ನೂ ಅಕ್ಕ ನೀಟಾಗಿ ಫೈಲು ಮಾಡಿಟ್ಟಿದ್ದಾರೆ. ಎಲ್ಲರ ಆಸನ ನೋಡಿಕೊಳ್ಳುವವರಿಗೇ ಆಸನವಿಲ್ಲ ಅನ್ನುವುದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು ಪಾಪ.

ಒಮ್ಮೆಯಂತೂ ತರಬೇತಿ ಸಭಾಂಗಣದಲ್ಲಿ 'ಬೆನ್ನಿನ ಆರೋಗ್ಯ' ಅಂತಲೇ ತರಗತಿ ನಡೆದಿತ್ತು. ಅಲ್ಲಾಡುವ ಕುರ್ಚಿ ಸರಿಮಾಡಲು ಕರೆಸಿದ್ದರಿಂದ ಅಕ್ಕ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಸಾಲಿನಲ್ಲಿ ನಿಂತೇ ಕೇಳಿಸಿಕೊಂಡರು. ಮಾತಾಡುತ್ತಿದ್ದವರು ನೆಟ್ಟಗೆ ಕೂರಿ, ನೆಟ್ಟಗೆ ಕೂರಿ ಅಂತ ಎರಡು ಗಂಟೆ ಹೇಳಿದರು. ಆ ಸಭಾಂಗಣದ ಕುರ್ಚಿಗಳ ಹಿಂಗಾಲು ಗಿಡ್ಡ, ಅದರಲ್ಲಿ ನೆಟ್ಟಗೆ ಕೂರಲು ಯಾರಪ್ಪನಿಂದಲೂ ಸಾಧ್ಯವಿಲ್ಲ. ಅಕ್ಕ ಚಹಾದ ಬಿಡುವಿನಲ್ಲಿ ಕೈಗೆ ಸಿಕ್ಕ ಎಂಟು ಕುರ್ಚಿ ಸರಿಮಾಡಿ ಬಂದರು.

ಈ ವರ್ಷ ಗಾಳಿ ತಿರುಗಿತು. ಪಿಂಚಣಿ ಮೇಡಂ ಹೋಗಿ ಹೋಗಿ ಹೇಳಿದ್ದಕ್ಕೆ ತರಬೇತಿ ಕೇಂದ್ರದವರು ಅಕ್ಕನನ್ನೇ ಕರೆದರು, ಒಂದು ದಿನದ ತರಗತಿ ತೆಗೆದುಕೊಳ್ಳಿ ಅಂತ. ಅಕ್ಕ ಮೈಕು ಹಿಡಿದು ಎರಡು ವಾಕ್ಯ ಹೇಳಿ ನಿಂತುಬಿಟ್ಟರು. ಆಮೇಲೆ ಮೈಕು ಪಕ್ಕಕ್ಕಿಟ್ಟು ಟೇಪು ತೆಗೆದರು, ಅಲ್ಲಿಂದ ಎಲ್ಲ ಸಲೀಸಾಯಿತು. ನಲವತ್ತು ಜನ ಪಕ್ಕದವರ ಮೊಣಕಾಲು ಅಳೆದರು, ಹಲಗೆ ಕೊಯ್ದರು, ಉಪ್ಪುಕಾಗದ ಉಜ್ಜಿದರು, ತಮ್ಮ ತಮ್ಮ ಕಾಲುಮಣೆ ತಾವೇ ಮಾಡಿಕೊಂಡರು. ಇಪ್ಪತ್ತು ವರ್ಷ ಪೆನ್ನು ಬಿಟ್ಟು ಇನ್ನೇನೂ ಹಿಡಿಯದ ಕೈಗಳಲ್ಲಿ ಒಂದೆರಡು ಬೊಬ್ಬೆ ಎದ್ದವು, ಅದನ್ನೇ ಪದಕದ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು.

ಸಂಜೆ ಪ್ರಮಾಣಪತ್ರ ಹಂಚಿದರು. ನಲವತ್ತು ಜನರಿಗೂ ಆರಾರು ಗಂಟೆಯ ತರಬೇತಿ. ಅಕ್ಕ ಮೆಲ್ಲಗೆ ಹೋಗಿ, ಈ ಆರು ಗಂಟೆ ನನ್ನ ಸೇವಾ ಪುಸ್ತಕಕ್ಕೂ ಬರುತ್ತಾ ಅಂತ ವಿಚಾರಿಸಿದರು. ಕೇಂದ್ರದ ಗುಮಾಸ್ತರ ಮುಖ ಸಪ್ಪಗಾಯಿತು. ಅದು ಕಲಿತವರಿಗೆ ಮಾತ್ರ, ಕಲಿಸಿದವರಿಗೆ ಇಲ್ಲ ಅಂದರು ಪಾಪ, ತಲೆ ತಗ್ಗಿಸಿಕೊಂಡು. ಪರವಾಗಿಲ್ಲ ಬಿಡಿ ಅಂತ ಅಕ್ಕ ನಕ್ಕು ಉಳಿದ ಹಲಗೆ ಜೋಡಿಸತೊಡಗಿದರು. ಆ ನಗು ನೋಡಲಾಗಲಿಲ್ಲ ಅನ್ನುತ್ತಾರೆ ಹಿಂದೆಯೇ ನಿಂತಿದ್ದ ಮೇಡಂ.

ಮೇಡಂ ಅಂದರೆ ಯಾರು? ಮೂವತ್ತು ವರ್ಷ ಬೇರೆಯವರ ಸೇವಾ ಪುಸ್ತಕ ಓದಿಯೇ ಕನ್ನಡಕದ ಗಾಜು ದಪ್ಪ ಮಾಡಿಕೊಂಡವರು. ನಿಯಮದ ಪುಸ್ತಕ ತೆಗೆದು ಎರಡು ದಿನ ಕೂತರು. ಮೂರನೇ ದಿನ ಬೇಕಾದ್ದು ಸಿಕ್ಕಿತು. ಆಸನ ಸಂಖ್ಯೆ ಕೊಡುವುದು ಹುದ್ದೆ ನೋಡಿ ಅಂತ ಎಲ್ಲೂ ಬರೆದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಕುರ್ಚಿ, ಒಂದು ಮೇಜು ನೌಕರರ ಹೆಸರಿಗೆ ದಾಖಲಾಗಿದ್ದರೆ ಸಾಕು. ಅದು ಹೊರಗಿನಿಂದ ಕೊಂಡದ್ದೇ ಆಗಬೇಕಿಲ್ಲ, ಇಲ್ಲೇ ತಯಾರಾಗಿದ್ದರೆ ತಯಾರಿಸಿದವರ ಸಹಿ ಇರಬೇಕು, ಅಷ್ಟೇ. ಮೇಜು ಶೆಡ್ಡಿನಲ್ಲಿ ಇದ್ದೇ ಇತ್ತು, ಅಪ್ಪನದು. ಬೇಕಾದದ್ದು ಕುರ್ಚಿ.

ಅಕ್ಕನಿಗೆ ಒಂದು ಕುರ್ಚಿ ಒಂದು ದಿನದ ಕೆಲಸ. ಆದರೆ ಒಪ್ಪಲಿಲ್ಲ. ನನಗೆ ನಾನೇ ಮಾಡಿಕೊಂಡು ನಾನೇ ಸಹಿ ಹಾಕಿಕೊಂಡರೆ ಚೆನ್ನಾಗಿರುತ್ತದೆಯೇ ಅಂತ ಹಟ ಹಿಡಿದರು. ಸರಿ, ನೀವು ಕಲಿಸಿದ್ದೀರಲ್ಲ, ನಾವು ಮಾಡುತ್ತೇವೆ ಅಂತ ಪಿಂಚಣಿ ವಿಭಾಗ ಟೊಂಕ ಕಟ್ಟಿತು. ಹದಿನೇಳು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹನ್ನೊಂದು ಜನ ಶೆಡ್ಡಿನಲ್ಲಿ ಬೆವರು ಸುರಿಸಿದರು. ಕಂಬದವರು ಗರಗಸ ಹಿಡಿದರು. ಮೇಡಂ ಟೇಪು ಹಿಡಿದು ಅಕ್ಕನನ್ನು ಕೂರಿಸಿ ಅಳತೆ ತೆಗೆದರು. ತಿದ್ದುವ ಹಾಗಿಲ್ಲ ಅನ್ನುವುದು ಷರತ್ತು, ಅಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿರಬೇಕು.

"ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ ನಾನು," ಅನ್ನುತ್ತಾರೆ ಅಕ್ಕ. "ಉಳಿ ಹಾಗೆ ಹಿಡೀಬೇಡಿ ಸಾರ್ ಅಂತ ಬಾಯಿ ತುದಿಗೆ ಬರ್ತಿತ್ತು. ನುಂಗ್ಕೊಂಡೆ. ದಿನಾ ನುಂಗ್ಕೊಂಡೆ."

ಕುರ್ಚಿ ಆಯಿತು. ರಿಜಿಸ್ಟರಿನಲ್ಲಿ 'ತಯಾರಿಸಿದವರು' ಅನ್ನುವ ಪುಟ್ಟ ಜಾಗದಲ್ಲಿ ಹನ್ನೊಂದು ಸಹಿ ಹಿಡಿಯಲಿಲ್ಲ, ಅಂಚಿನವರೆಗೂ ಹೋಗಿವೆ. ಆಸನ ಸಂಖ್ಯೆ ಆರುನೂರ ನಲವತ್ತೊಂದು. ಕಂಬದವರು ಬಿಳಿ ಬಣ್ಣದಲ್ಲಿ ಬರೆದರು, ಕೊನೆಯ ಅಂಕಿ ಸ್ವಲ್ಪ ಸೊಟ್ಟ.

ಮಾರನೇ ಬೆಳಗ್ಗೆ ಹತ್ತೂವರೆಗೆ ಪಿಂಚಣಿ ವಿಭಾಗದ ಕಂಪ್ಯೂಟರಿನ ಮುಂದೆ ಅಕ್ಕ ಕೂತರು. ಒಂದೇ ಬೆರಳಿನಲ್ಲಿ ಹೆಸರು ಕುಟ್ಟಿದರು, ಹುದ್ದೆ ಕುಟ್ಟಿದರು, ಕಟ್ಟಡ ಕುಟ್ಟಿದರು. ಹಿಂದೆ ಇಡೀ ವಿಭಾಗ ನಿಂತಿದೆ. ಆರು, ನಾಲ್ಕು, ಒಂದು. ಒತ್ತಿದರು. ಪರದೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಹಸಿರು ಅಕ್ಷರ: 'ಅರ್ಜಿ ಸ್ವೀಕರಿಸಲಾಗಿದೆ.' ಹನ್ನೊಂದು ಗಂಟೆಗೆ ಇನ್ನೂ ಅರ್ಧ ಗಂಟೆ ಇತ್ತು, ಆದರೂ ಮೇಡಂ ಮೊಹರು ತೆಗೆದು ಮೇಜಿಗೆ ಟಕ್ ಟಕ್ ಟಕ್ ಅಂತ ಕುಟ್ಟಿದರು. ಪಕ್ಕದ ವಿಭಾಗದವರಿಗೆ ಏನೂ ಗೊತ್ತಿಲ್ಲ, ಸದ್ದು ಕೇಳಿ ಅವರೂ ಎದ್ದು ಕೈ ಮೇಲೆತ್ತಿದರು.

ಈಗ ಅಕ್ಕನ ಸೇವಾ ಪುಸ್ತಕದಲ್ಲಿ ಒಂಬತ್ತು ಗಂಟೆ ದಾಖಲಾಗಿವೆ. ಉಳಿದದ್ದು ಹದಿನೈದು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಾರೆ, ಕಾಲುಮಣೆಯ ಚಿತ್ರ ಬಿಡಿಸಿ ಮನೆಗೆ ತಂದು ತೋರಿಸಿದ್ದಾರೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚಿತ್ರದಲ್ಲಿ ಸಂದು ಚೆನ್ನಾಗಿ ಕೂತಿದೆ, ಮರದಲ್ಲಿ ಹೀಗೆ ಕೂರಿಸು ನೋಡೋಣ ಅಂದರಂತೆ. ದಿನಾ ಸಂಜೆ ಮಗಳು ಚಪ್ಪಲಿ ಬಿಡುವ ಮುಂಚೆಯೇ ಒಳಗಿನಿಂದ ಪ್ರಶ್ನೆ ಬರುತ್ತದೆ, ಎಷ್ಟಾಯ್ತು? ವರ್ಷ ಮುಗಿಯುವುದರೊಳಗೆ ಇಪ್ಪತ್ತನಾಲ್ಕು ತುಂಬುತ್ತದೆ ಅನ್ನುವುದು ಮೇಡಂ ಲೆಕ್ಕ. ಮುಂದಿನ ವರ್ಷ ಅವರೂ ನಿವೃತ್ತರಾಗುತ್ತಾರೆ, ಅಷ್ಟರಲ್ಲಿ ಬಡ್ತಿಯ ಕಡತಕ್ಕೆ ತಾವೇ ಮೊಹರು ಒತ್ತಬೇಕಂತೆ.

ಬೆಳಗಿನ ಏಳೂವರೆ ಆಗಿದೆ. ಪಿಂಚಣಿ ವಿಭಾಗದ ಕೆಲಸ ಮುಗಿಸಿ ಅಕ್ಕ ಶೆಡ್ಡಿನ ಬೀಗ ತೆಗೆಯುತ್ತಾರೆ. ಮರದ ಹೊಟ್ಟಿನ ವಾಸನೆ, ಗೋಡೆಗೆ ಸಾಲಾಗಿ ಗರಗಸಗಳು, ನಾಲ್ಕು ತುಂಡು ಮರದ ಮೇಲೆ ನಿಂತ ಅಪ್ಪನ ಮೇಜು, ಅದರ ಮುಂದೆ ಆರುನೂರ ನಲವತ್ತೊಂದು. ಕುರ್ಚಿಯ ಅಡಿಯಲ್ಲಿ ಏನಾದರೂ ಬರೆದಿದೆಯೇ ಅಂತ ಕೇಳಿದರೆ ನಗುತ್ತ ಟಾರ್ಚು ಕೊಡುತ್ತಾರೆ. ಇದೆ. ಮೇಡಂ ಕೈಬರಹ: 'ಮೊಣಕಾಲಿಂದ ನೆಲಕ್ಕೆ ಹದಿನೇಳು. ಬಲಗೈಯವರು. ನೋವು: ಕೇಳಿದರೆ ಹೇಳುವುದಿಲ್ಲ.'

ಅಕ್ಕ ಕೂರುತ್ತಾರೆ. ಕುರ್ಚಿ ಟಕ್ ಅಂತ ಒಂದು ಕಡೆ ವಾಲುತ್ತದೆ. ಎಡಗಡೆಯ ಹಿಂಗಾಲು ಒಂದು ರಟ್ಟಿನಷ್ಟು ಗಿಡ್ಡ, ಗರಗಸ ಹಿಡಿದವರ ಕೈ ಅಲ್ಲಿ ಸ್ವಲ್ಪ ಜಾರಿದೆ. ಸರಿಮಾಡಲು ಇವರಿಗೆ ಎರಡು ನಿಮಿಷವೂ ಬೇಡ. ಕೈಗೆ ಸಿಗುವಷ್ಟು ದೂರದಲ್ಲೇ ಉಳಿ ಇದೆ, ಸುತ್ತಿಗೆ ಇದೆ. ಅಕ್ಕ ಒಂದು ರಟ್ಟು ಮಡಚಿ ಆ ಕಾಲಿನ ಕೆಳಗಿಟ್ಟು, ಮತ್ತೆ ಕೂತು, ಕಾಲು ಚಾಚಿಕೊಳ್ಳುತ್ತಾರೆ.

"ಏಳು ಕಟ್ಟಡದಲ್ಲಿ ನಾನು ಕೈ ಹಾಕದೆ ಬಿಟ್ಟಿರೋ ಕುರ್ಚಿ ಇದೊಂದೇ," ಅನ್ನುತ್ತಾರೆ. "ಇದನ್ನ ಮಾತ್ರ ಯಾರೂ ರಿಪೇರಿ ಮಾಡೋ ಹಾಗಿಲ್ಲ."